ಬರೆದುಕೊಂಡು ಹೋದವರ ಋಣ

ಒಂದು ಊರಿನ ಅಥವಾ ಬಡಾವಣೆಯ ಜನರ ಆರೋಗ್ಯವನ್ನು ವರ್ಷಗಟ್ಟಲೆ ಗಮನಿಸುವ ಸಂಶೋಧನೆಯಲ್ಲಿ ಯಾರಿಗೂ ಹೊಸ ಔಷಧಿ ಕುಡಿಸುವುದಿಲ್ಲ, ಯಾರನ್ನೂ ಕೊಯ್ಯುವುದಿಲ್ಲ. ಮನೆ ಮನೆಗೆ ಹೋಗುತ್ತಾರೆ, ಕೇಳುತ್ತಾರೆ, ಬಿಪಿ ನೋಡುತ್ತಾರೆ, ತೂಕ ಹಾಕುತ್ತಾರೆ, ಬೆರಳ ತುದಿಯಿಂದಲೋ ತೋಳಿನಿಂದಲೋ ಒಂದಿಷ್ಟು ರಕ್ತ ತೆಗೆಯುತ್ತಾರೆ, ಬರೆದುಕೊಳ್ಳುತ್ತಾರೆ. ವರ್ಷ ಬಿಟ್ಟು ಅದೇ ಬಾಗಿಲಿಗೆ ಮತ್ತೆ ಬರುತ್ತಾರೆ. ಇಷ್ಟೇ ಆದ್ದರಿಂದ ಸಂಶೋಧನಾ ವಲಯದಲ್ಲೂ ಸರ್ಕಾರಿ ಕಚೇರಿಗಳಲ್ಲೂ ಒಂದು ಅಭಿಪ್ರಾಯ ಗಟ್ಟಿಯಾಗಿ ಕುಳಿತಿದೆ: ನೋಡುವುದರಿಂದ ಯಾರಿಗೂ ಕೆಡುಕಿಲ್ಲ. ಒಪ್ಪಿಗೆ ಪತ್ರಕ್ಕೆ ಸಹಿಯೋ ಹೆಬ್ಬೆಟ್ಟೋ ಬಿದ್ದು, ನೈತಿಕ ಸಮಿತಿ ‘ಅಪಾಯ ಅತ್ಯಲ್ಪ’ ಎಂದು ಷರಾ ಬರೆದರೆ ಸಂಶೋಧಕರ ಹೊಣೆ ತೀರಿತು. ಅಲ್ಲಿಂದ ಮುಂದೆ ಬರುವ ಫಲವೆಲ್ಲ ಸಮಾಜಕ್ಕೆ.

ಈ ಅಭಿಪ್ರಾಯ ತಪ್ಪು, ಅದರಲ್ಲೂ ಬಡವರಿಗೆ ದುಬಾರಿಯಾಗಿರುವ ತಪ್ಪು. ಒಬ್ಬ ಮನುಷ್ಯನ ಕಾಯಿಲೆಯನ್ನು ಅವನಿಗಿಂತ ಮೊದಲೇ ತಿಳಿದುಕೊಂಡವರು ಅವನಿಗೆ ಸಾಲಗಾರರಾಗುತ್ತಾರೆ. ಎಷ್ಟು ವರ್ಷ ನೋಡುತ್ತಾರೋ ಅಷ್ಟು ವರ್ಷ ಆ ಸಾಲ ಬೆಳೆಯುತ್ತದೆ. ಒಪ್ಪಿಗೆಯ ಸಹಿ ಆ ಸಾಲದ ಪತ್ರ. ಅದನ್ನು ಸಾಲ ತೀರಿದ ರಸೀದಿ ಎಂದು ಓದುವ ರೂಢಿ ಬೆಳೆದುಬಂದಿದೆ. ಬೆಂಗಳೂರಿನ ಪೂರ್ವ ಭಾಗದ ಓಣಿಗಳಲ್ಲಿ ಸರ್ವೆಯವರ ಬಗ್ಗೆ ಜನ ಹೇಳುವ ಮಾತು ಸಣ್ಣದು: ‘ಬರ್ಕೊಂಡು ಹೋಗ್ತಾರೆ.’ ಆ ಕ್ರಿಯಾಪದದ ಕೊನೆಯ ಭಾಗದಲ್ಲೇ ದೂರು ಇದೆ.

ಬೆಂಗಳೂರಿನ ದಂಡು (ಕಂಟೋನ್ಮೆಂಟ್) ಪ್ರದೇಶಕ್ಕೆ ಈ ಪ್ರಶ್ನೆ ಹೊಸದಲ್ಲ. 1809ರಲ್ಲಿ ಬ್ರಿಟಿಷರು ಹಲಸೂರಿನ ಬಳಿ ಸೈನ್ಯವನ್ನು ತಂದಿಳಿಸಿದ ಮೇಲೆ ಇಲ್ಲಿನ ಆರೋಗ್ಯದ ಲೆಕ್ಕವೆಂದರೆ ಮೊದಲು ಸಿಪಾಯಿಗಳ ಲೆಕ್ಕ. 1864ರ ಕಂಟೋನ್ಮೆಂಟ್ ಕಾಯ್ದೆಯ ಬಳಿಕ ದಂಡಿನ ಊರುಗಳಲ್ಲಿ ವೇಶ್ಯಾವೃತ್ತಿಯ ಹೆಂಗಸರ ಹೆಸರು ದಾಖಲಿಸಿ, ಗೊತ್ತುಪಡಿಸಿದ ದಿನಗಳಲ್ಲಿ ಕಡ್ಡಾಯವಾಗಿ ಪರೀಕ್ಷಿಸಿ, ಕಾಯಿಲೆ ಕಂಡವರನ್ನು ‘ಲಾಕ್ ಆಸ್ಪತ್ರೆ’ಯಲ್ಲಿ ಇರಿಸುವ ಪದ್ಧತಿ ಬಂತು. ಬೆಂಗಳೂರಿನಲ್ಲೂ ಅಂಥದೊಂದು ಇತ್ತು. ವರ್ಷ ವರ್ಷ ವರದಿಗಳು ಅಚ್ಚಾದವು. ಪರೀಕ್ಷೆಗೆ ಮೈಯೊಡ್ಡಿದವರು ಹೆಂಗಸರು. ಯಶಸ್ಸನ್ನು ಅಳೆದದ್ದು ಸೈನಿಕರಲ್ಲಿ ರೋಗ ಎಷ್ಟು ಇಳಿಯಿತು ಎಂಬುದರಿಂದ. 1898ರ ಆಗಸ್ಟಿನಲ್ಲಿ ಪ್ಲೇಗು ಬಂದಾಗ ಮನೆ ಶೋಧಿಸುವುದು, ಸೋಂಕಿತರನ್ನು ಬೇರ್ಪಡಿಸುವುದು, ಮನೆ ಖಾಲಿ ಮಾಡಿಸುವುದು ನಡೆಯಿತು. ಫ್ರೇಜರ್ ಟೌನ್ ಆ ಪ್ಲೇಗಿನ ನಂತರ ಎದ್ದ ಬಡಾವಣೆ. ನೋಡುವ ಕಣ್ಣು ಯಾರದು, ನೋಡಿಸಿಕೊಳ್ಳುವ ಮೈ ಯಾರದು, ಫಲ ಯಾರ ಮನೆಗೆ ಹೋಯಿತು ಎಂಬ ಮೂರು ಪ್ರಶ್ನೆಗಳಿಗೆ ಇಲ್ಲಿ ಮೂರು ಬೇರೆ ಉತ್ತರಗಳಿದ್ದವು. ಇಂದಿನ ಸಂಶೋಧನೆಗೆ ಲಾಕ್ ಆಸ್ಪತ್ರೆಯ ಕ್ರೌರ್ಯ ಇಲ್ಲ. ಆದರೆ ಈ ಮೂರು ಉತ್ತರಗಳು ಒಂದಾಗಿವೆಯೇ ಎಂದು ಕೇಳದೆ ಇಂದಿನದು ನಿರಪಾಯ ಎಂದು ತೀರ್ಪು ಕೊಡಲು ಬರುವುದಿಲ್ಲ.

ನೋಡುವುದಕ್ಕೂ ಹೊಣೆ ಹೊರುವುದಕ್ಕೂ ನಂಟಿಲ್ಲ ಎನ್ನುವವರು ಶಿವಾಜಿನಗರದ ಗೋಡೆಗಳನ್ನು ಓದಬೇಕು. ಹಳೆಯ ವಠಾರಗಳ ಬಾಗಿಲ ಪಕ್ಕದಲ್ಲಿ ಸೀಮೆಸುಣ್ಣದ ಗುರುತುಗಳು ಒಂದರ ಮೇಲೊಂದು ಬಿದ್ದು ಮಾಸಿರುತ್ತವೆ. ಅವು ಪಲ್ಸ್ ಪೋಲಿಯೋ ತಂಡ ಬರೆದವು. ‘ಪಿ’ ಎಂದಿದ್ದರೆ ಆ ಮನೆಯ ಐದು ವರ್ಷದೊಳಗಿನ ಮಕ್ಕಳಿಗೆಲ್ಲ ಹನಿ ಬಿದ್ದಿದೆ. ‘ಎಕ್ಸ್’ ಎಂದಿದ್ದರೆ ಬಾಗಿಲಿಗೆ ಬೀಗವಿತ್ತು, ಅಥವಾ ಒಂದು ಮಗು ಅಜ್ಜಿಯ ಮನೆಗೆ ಹೋಗಿತ್ತು, ಅಥವಾ ಮನೆಯವರು ಬೇಡವೆಂದರು. ಎಕ್ಸ್ ಬರೆದ ತಂಡ ಆ ಬಾಗಿಲಿಗೆ ಮತ್ತೆ ಬರಲೇಬೇಕು. ಎಕ್ಸ್ ಪಿ ಆಗುವವರೆಗೆ ಲೆಕ್ಕ ಮುಗಿಯುವುದಿಲ್ಲ. ಇದೂ ನಿಗಾ, ಮನೆ ಮನೆಯ ನಿಗಾ. 1995ರಲ್ಲಿ ಶುರುವಾದ ಈ ಕೆಲಸದ ಕೊನೆಗೆ 2011ರ ಜನವರಿ 13ರ ಪ್ರಕರಣವೇ ದೇಶದ ಕಡೆಯ ಪೋಲಿಯೋ ಪ್ರಕರಣವಾಯಿತು. 2014ರ ಮಾರ್ಚಿನಲ್ಲಿ ಭಾರತಕ್ಕೆ ಪೋಲಿಯೋ ಮುಕ್ತ ಎಂಬ ಪ್ರಮಾಣಪತ್ರ ಬಂತು. ಕೊರತೆಯನ್ನು ಬರೆದುಕೊಂಡ ಕೈಯೇ ಅದನ್ನು ತುಂಬಲು ಹಿಂತಿರುಗಬೇಕೆಂಬ ನಿಯಮ ಇಲ್ಲಿ ದತ್ತಾಂಶವನ್ನು ಕೆಡಿಸಲಿಲ್ಲ. ಕೆಲಸ ಗೆದ್ದದ್ದೇ ಆ ನಿಯಮದಿಂದ. ಸಂಶೋಧನೆಯವರು ಬಾಗಿಲಿಗೆ ಹಚ್ಚುವ ಮನೆ ಸಂಖ್ಯೆಯ ಹಿಂದೆ ಇಂಥ ನಿಯಮವಿಲ್ಲ. ಅದು ಮತ್ತೆ ಕೇಳಲು ಬರುವುದಕ್ಕೆ ಬರೆದ ಗುರುತು.

ಕರ್ನಾಟಕದಲ್ಲಿ ಈ ವಿಷಯದ ಅತಿ ದೊಡ್ಡ ಪಾಠ ಕ್ಷಯರೋಗದ್ದು. ಬಳ್ಳಾರಿ ರಸ್ತೆಯ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ ಸ್ಥಾಪನೆಯಾದದ್ದು 1959ರಲ್ಲಿ. 1961ರಿಂದ 1968ರ ನಡುವೆ ಸಂಸ್ಥೆಯ ತಂಡಗಳು ಅಂದಿನ ಬೆಂಗಳೂರು ಜಿಲ್ಲೆಯ ನೆಲಮಂಗಲ, ದೇವನಹಳ್ಳಿ, ಮಾಗಡಿ ತಾಲ್ಲೂಕುಗಳ 119 ಹಳ್ಳಿಗಳನ್ನು ನಾಲ್ಕು ಸುತ್ತು ಸಮೀಕ್ಷೆ ಮಾಡಿದವು. ಎಕ್ಸ್-ರೇ ತೆಗೆದರು, ಕಫ ಪರೀಕ್ಷಿಸಿದರು. 1974ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಬುಲೆಟಿನ್‌ನಲ್ಲಿ ಫಲಿತಾಂಶ ಪ್ರಕಟವಾಯಿತು. ಮೊದಲ ಸುತ್ತಿನಲ್ಲಿ ಕಫದಲ್ಲಿ ಕ್ಷಯದ ಕ್ರಿಮಿ ಕಂಡವರಲ್ಲಿ ಐದು ವರ್ಷದ ಕೊನೆಗೆ ಶೇ 49.2 ಮಂದಿ ಸತ್ತಿದ್ದರು. ಶೇ 32.4 ಮಂದಿ ಗುಣವಾಗಿದ್ದರು. ಶೇ 18.4 ಮಂದಿಯ ಕಫದಲ್ಲಿ ಕ್ರಿಮಿ ಇನ್ನೂ ಇತ್ತು.

ಈ ಮೂರು ಅಂಕಿಗಳು ಅಂದಿನಿಂದ ಇಂದಿನವರೆಗೆ ವೈದ್ಯ ವಿದ್ಯಾರ್ಥಿಗಳ ಬಾಯಲ್ಲಿವೆ. ಸಂಘಟಿತ ಚಿಕಿತ್ಸಾ ಕಾರ್ಯಕ್ರಮವಿಲ್ಲದ ಕಡೆ ಕ್ಷಯ ಹೇಗೆ ಸಾಗುತ್ತದೆ ಎಂಬುದಕ್ಕೆ ಜಗತ್ತಿನಾದ್ಯಂತ ಎತ್ತಿಹೇಳುವ ಪುರಾವೆ ಇದು. ಪಾಠದಲ್ಲಿ ಅದಕ್ಕೆ ಕೊಡುವ ಹೆಸರು ರೋಗದ ‘ಸಹಜ ಗತಿ’. ಹೆಸರಿನಲ್ಲೇ ಅನ್ಯಾಯವಿದೆ. ಐಸೋನಿಯಾಜಿಡ್ ಮಾತ್ರೆ ಬಳಕೆಗೆ ಬಂದದ್ದು 1952ರಲ್ಲಿ. ಬಡವರ ಇಕ್ಕಟ್ಟಿನ ಮನೆಯಲ್ಲೇ ಮಾತ್ರೆ ಕೊಟ್ಟರೂ ಸ್ಯಾನಟೋರಿಯಂನಲ್ಲಿ ಮಲಗಿಸಿದಷ್ಟೇ ಗುಣವಾಗುತ್ತದೆ ಎಂದು ಮದ್ರಾಸಿನ ಕ್ಷಯರೋಗ ಸಂಶೋಧನಾ ಕೇಂದ್ರ ತೋರಿಸಿಕೊಟ್ಟದ್ದು 1959ರಲ್ಲಿ. 1961ರಲ್ಲಿ ಮಾಗಡಿಯ ಹಳ್ಳಿಯೊಂದರಲ್ಲಿ ಕ್ಷಯದಿಂದ ಸಾಯುವುದರಲ್ಲಿ ಪ್ರಕೃತಿಸಹಜವಾದದ್ದು ಏನೂ ಉಳಿದಿರಲಿಲ್ಲ. ಮದ್ದು ಇತ್ತು, ಅದು ಆ ಹಳ್ಳಿಗೆ ಹೋಗುವ ದಾರಿ ಇರಲಿಲ್ಲ. ಸಮಾಜದ ಕೊರತೆಯೊಂದಕ್ಕೆ ನಿಸರ್ಗದ ಹೆಸರಿಟ್ಟು, ಆ ಹೆಸರನ್ನು ಐವತ್ತು ವರ್ಷ ಪಾಠ ಮಾಡಿದರೆ, ಸತ್ತ ಅರ್ಧದಷ್ಟು ಜನ ಯಾರೂ ಏನೂ ಮಾಡಲಾಗದೆ ಸತ್ತವರಂತೆ ಕಾಣುತ್ತಾರೆ.

ಸಂಸ್ಥೆಯ ಕೆಲಸದ ಇನ್ನೊಂದು ಮುಖವನ್ನೂ ಹೇಳಲೇಬೇಕು, ಏಕೆಂದರೆ ಖಂಡಿಸಬೇಕಾದದ್ದು ಕ್ಷಯದ ವಿರುದ್ಧ ದುಡಿದವರನ್ನಲ್ಲ. 1962ರ ರಾಷ್ಟ್ರೀಯ ಕ್ಷಯರೋಗ ಕಾರ್ಯಕ್ರಮದ ರೂಪರೇಷೆ ಇಲ್ಲೇ ಸಿದ್ಧವಾಯಿತು. ಇದೇ ಸಂಸ್ಥೆಯ ಡಿ. ಬ್ಯಾನರ್ಜಿ ಮತ್ತು ಸ್ಟಿಗ್ ಆಂಡರ್ಸನ್ ತುಮಕೂರು ಜಿಲ್ಲೆಯಲ್ಲಿ ನಡೆಸಿ 1963ರಲ್ಲಿ ಪ್ರಕಟಿಸಿದ ಅಧ್ಯಯನ ಒಂದು ದೊಡ್ಡ ಸುಳ್ಳನ್ನು ಮುರಿಯಿತು. ಹಳ್ಳಿಯವರಿಗೆ ಕಾಯಿಲೆಯ ಅರಿವಿಲ್ಲ, ಆಸ್ಪತ್ರೆಗೆ ಬರುವುದಿಲ್ಲ ಎಂಬುದು ಅಂದಿನ ನಂಬಿಕೆ. ಹೋಗಿ ಕೇಳಿದರೆ, ಕ್ಷಯವಿದ್ದವರಲ್ಲಿ ಅರ್ಧದಷ್ಟು ಮಂದಿ ಆಗಲೇ ಆಸ್ಪತ್ರೆಯ ಬಾಗಿಲು ತಟ್ಟಿ ಬಂದಿದ್ದರು. ಕೆಮ್ಮಿನ ಔಷಧಿಯ ಸೀಸೆ ಕೊಟ್ಟು ಅವರನ್ನು ಕಳಿಸಲಾಗಿತ್ತು. ಎರಡೂ ಒಂದೇ ಕಾಲದ, ಒಂದೇ ಸಂಸ್ಥೆಯ ಅಧ್ಯಯನಗಳು. ಒಂದು ರೋಗಿ ಎಲ್ಲಿಗೆ ಹೋದ, ಅಲ್ಲಿ ಅವನಿಗೆ ಏನು ಸಿಕ್ಕಿತು ಎಂದು ಕೇಳಿತು. ಇನ್ನೊಂದು ಅವನು ಬದುಕಿದನೋ ಸತ್ತನೋ ಎಂದು ಎಣಿಸಿತು. ಜಗತ್ತಿನ ಪಠ್ಯಪುಸ್ತಕಗಳಲ್ಲಿ ಹೆಚ್ಚು ನೆಲೆ ನಿಂತದ್ದು ಎರಡನೆಯದು.

ಇಲ್ಲಿ ಒಂದು ಆಕ್ಷೇಪ ಬರುತ್ತದೆ. ನಡುವೆ ಕೈಹಾಕಿದರೆ ನೋಡುವ ವಸ್ತುವೇ ಬದಲಾಗುತ್ತದೆ, ಬಿಪಿ ಇದ್ದವರಿಗೆಲ್ಲ ಮಾತ್ರೆ ಕೊಟ್ಟರೆ ಬಿಪಿ ಏನು ಮಾಡುತ್ತದೆ ಎಂದು ತಿಳಿಯುವುದು ಹೇಗೆ ಎನ್ನುತ್ತಾರೆ. ಇದಕ್ಕೆ ಉತ್ತರ ಅಮೆರಿಕದ ಫ್ರೇಮಿಂಗ್‌ಹ್ಯಾಮ್ ಪಟ್ಟಣದಲ್ಲಿದೆ. 1948ರಲ್ಲಿ 5,209 ಜನರೊಂದಿಗೆ ಆರಂಭವಾಗಿ ಮಕ್ಕಳು, ಮೊಮ್ಮಕ್ಕಳವರೆಗೆ ನಡೆದು ಬಂದ ಆ ಅಧ್ಯಯನದಲ್ಲಿ ಪರೀಕ್ಷೆಯ ಫಲಿತಾಂಶ ಆಯಾ ವ್ಯಕ್ತಿಯ ವೈದ್ಯರಿಗೆ ತಲುಪುತ್ತಿತ್ತು. ರಕ್ತದೊತ್ತಡ, ಕೊಲೆಸ್ಟರಾಲ್, ಸಿಗರೇಟು ಹೃದಯಕ್ಕೆ ಏನು ಮಾಡುತ್ತವೆ ಎಂದು ಜಗತ್ತು ಕಲಿತದ್ದು ಅಲ್ಲಿಂದಲೇ. ವೈದ್ಯರಿಗೆ ತಿಳಿಸಿದ್ದರಿಂದ ವಿಜ್ಞಾನ ಸೊರಗಲಿಲ್ಲ. ಫ್ರೇಮಿಂಗ್‌ಹ್ಯಾಮ್‌ನವರಿಗೆ ತಿಳಿಸಲು ವೈದ್ಯರಿದ್ದರು, ಕೇಳುವ ದನಿಯಿತ್ತು. ಕೈಹಾಕಿದರೆ ಶುದ್ಧತೆ ಕೆಡುತ್ತದೆ ಎಂಬ ವಾದ ಬಡವರ ಹಟ್ಟಿಗಳ ಬಗ್ಗೆಯೇ ಹೆಚ್ಚು ಕೇಳಿಬಂದಿರುವುದು ಕಾಕತಾಳೀಯವಲ್ಲ. ಅಲಬಾಮಾದ ಟಸ್ಕೀಗಿಯಲ್ಲಿ ಸಿಫಿಲಿಸ್ ಇದ್ದ 399 ಕಪ್ಪು ಗಂಡಸರನ್ನು 1932ರಿಂದ 1972ರವರೆಗೆ ಚಿಕಿತ್ಸೆ ಕೊಡದೆ ನೋಡಿದ್ದೂ ‘ಸಹಜ ಗತಿ’ ತಿಳಿಯುವ ಹೆಸರಿನಲ್ಲೇ. 1940ರ ದಶಕದಲ್ಲಿ ಪೆನಿಸಿಲಿನ್ ಬಂದ ಮೇಲೂ ಅದು ನಿಲ್ಲಲಿಲ್ಲ. ಟಸ್ಕೀಗಿಯಲ್ಲಿ ಸುಳ್ಳು ಹೇಳಿ, ಚಿಕಿತ್ಸೆಯನ್ನು ಬೇಕೆಂದೇ ತಡೆದರು. ನೆಲಮಂಗಲದ ಕಥೆಯನ್ನು ಅದಕ್ಕೆ ಸಮವೆಂದರೆ ಸತ್ಯಕ್ಕೆ ಅಪಚಾರ. ಎರಡರಲ್ಲೂ ಬಳಸಿದ ಪದ ಮಾತ್ರ ಒಂದೇ, ಆ ಪದವನ್ನು ಇನ್ನಾದರೂ ಬಿಡಬೇಕು.

ದಂಡಿನ ಅಂಚಿನಲ್ಲಿ, ಟ್ಯಾನರಿ ರಸ್ತೆಯ ಆಚೆಗೆ ಕಾಡುಗೊಂಡನಹಳ್ಳಿ ಇದೆ. ಜನರ ಬಾಯಲ್ಲಿ ಕೆ.ಜಿ. ಹಳ್ಳಿ. ಬೆಂಗಳೂರಿನ ಸಾರ್ವಜನಿಕ ಆರೋಗ್ಯ ಸಂಸ್ಥೆ 2009ರಿಂದ ಅಲ್ಲಿ ಕ್ರಿಯಾ ಸಂಶೋಧನೆ ಕೈಗೊಂಡಿತು. ಮೊದಲು ಮನೆ ಮನೆ ಎಣಿಕೆ: 9,299 ಮನೆ, 44,514 ಜನ. ಇಪ್ಪತ್ತು ದಾಟಿದವರಲ್ಲಿ ಶೇ 13.8 ಮಂದಿ ತಮಗೆ ದೀರ್ಘಕಾಲದ ಕಾಯಿಲೆ ಇದೆ ಎಂದರು; ಬಿಪಿ, ಶುಗರ್ ಮುಂದಿದ್ದವು. ಶ್ರೀಮಂತರ ಕಾಯಿಲೆ ಎಂದು ಕರೆಸಿಕೊಂಡವು ಬಡವರ ಒಂದು ಕೋಣೆಯ ಮನೆಗಳಲ್ಲಿ ತುಂಬಿದ್ದವು. ಅದಕ್ಕಿಂತ ಕಹಿಯಾದ ಇನ್ನೊಂದು ಲೆಕ್ಕವೂ ಬಂತು: ಈ ಕಾಯಿಲೆಗಳಿಗೆ ಕೈಯಿಂದ ತೆರುವ ಹಣ, ಒಂದೇ ತಿಂಗಳಲ್ಲಿ, ಬಡತನದ ರೇಖೆಯ ಕೆಳಗಿರುವವರ ಸಂಖ್ಯೆಯನ್ನು ದುಪ್ಪಟ್ಟು ಮಾಡುತ್ತಿತ್ತು.

ಇಂಥ ಅಂಕಿ ಹುಟ್ಟುವ ಗಳಿಗೆಯನ್ನು ಹತ್ತಿರದಿಂದ ನೋಡಬೇಕು. ಹೊಲಿಗೆ ಮೆಷಿನ್ ಪಕ್ಕಕ್ಕೆ ಸರಿಸಿ ಚಾಪೆ ಹಾಸುತ್ತಾರೆ. ಮನೆಯೊಡತಿ ಸೆರಗಿನಲ್ಲಿ ಕೈ ಒರೆಸಿಕೊಂಡು ಕೂರುತ್ತಾಳೆ. ತೋಳಿಗೆ ಪಟ್ಟಿ ಸುತ್ತಿ, ಯಂತ್ರ ಗುಂಯ್‌ಗುಟ್ಟಿ, ಪರದೆಯಲ್ಲಿ 180, ಅದರ ಕೆಳಗೆ 110 ಮೂಡುತ್ತದೆ. ಪ್ರಶ್ನಾವಳಿಯ ಪ್ರಕಾರ ಮುಂದಿನ ಪ್ರಶ್ನೆ ತಿಂಗಳ ಖರ್ಚಿನ ಬಗ್ಗೆ. ‘ಎಷ್ಟಿದೆ ಮೇಡಂ?’ ಎಂದು ಆಕೆ ಕೇಳುತ್ತಾಳೆ. ಆ ಕ್ಷಣದಲ್ಲಿ ಆ ಕೋಣೆಯಲ್ಲಿರುವುದು ಇಬ್ಬರು ಮನುಷ್ಯರು; ಒಬ್ಬರಿಗೆ ಗೊತ್ತು, ಇನ್ನೊಬ್ಬರಿಗೆ ಗೊತ್ತಿಲ್ಲ. ‘ಸ್ವಲ್ಪ ಜಾಸ್ತಿ ಇದೆ, ಡಾಕ್ಟರಿಗೆ ತೋರಿಸಿ’ ಎಂದು ಹೇಳಿ ಮುಂದಿನ ಪುಟಕ್ಕೆ ಹೋಗುವುದೇ ಬಹುತೇಕ ಕಡೆ ನಿಯಮ. ಯಾವ ಡಾಕ್ಟರಿಗೆ, ಯಾವ ದಿನ, ಕೂಲಿ ಬಿಟ್ಟು ಹೋದರೆ ಮಾತ್ರೆ ಸಿಗುತ್ತದೆಯೇ, ಮೂರು ತಿಂಗಳ ಮೇಲೂ ಸಿಗುತ್ತದೆಯೇ ಎಂಬುದು ಪ್ರಶ್ನಾವಳಿಯ ಹೊರಗೆ ಉಳಿಯುತ್ತದೆ. ಎರಡು ವರ್ಷ ಬಿಟ್ಟು ತಂಡ ಮತ್ತೆ ಬಂದಾಗ ಆಕೆಗೆ ಪಾರ್ಶ್ವವಾಯು ಬಡಿದಿದ್ದರೆ ಅದು ಅಧ್ಯಯನಕ್ಕೆ ಒಂದು ‘ಘಟನೆ’. ಅದರಿಂದ ಲೇಖನದ ಬಲ ಹೆಚ್ಚುತ್ತದೆ. ನೋಡುವುದರಲ್ಲಿ ಕೆಡುಕಿಲ್ಲ ಎನ್ನುವವರು ಉತ್ತರಿಸಬೇಕಾದದ್ದು ಈ ಕೋಣೆಗೆ.

ಕೆ.ಜಿ. ಹಳ್ಳಿಯ ಕೆಲಸವನ್ನು ಕ್ರಿಯಾ ಸಂಶೋಧನೆ ಎಂದು ಕರೆದದ್ದರಲ್ಲೇ ಈ ಉತ್ತರದ ಒಂದು ಭಾಗವಿದೆ. ಎಣಿಕೆಯಲ್ಲಿ ಕಂಡದ್ದನ್ನು ಸ್ಥಳೀಯ ಆರೋಗ್ಯ ಕೇಂದ್ರಗಳ ಮುಂದಿಡುವುದು, ಮಧುಮೇಹದ ಆರೈಕೆ ಸುಧಾರಿಸಲು ಅಲ್ಲಿಯ ವೈದ್ಯರೊಂದಿಗೆ ಪ್ರಯತ್ನಿಸುವುದು, ಅದೇ ಬಡಾವಣೆಯ ಹೆಂಗಸರನ್ನು ಆರೋಗ್ಯ ಸಹಾಯಕಿಯರನ್ನಾಗಿ ತೆಗೆದುಕೊಳ್ಳುವುದು ಅದರ ಭಾಗವಾಗಿದ್ದವು. ಆದರೆ ಇಂಥ ಸಹಾಯಕಿಯರ ಸ್ಥಿತಿಯನ್ನು ನೈತಿಕ ಸಮಿತಿಗಳು ಸಾಕಷ್ಟು ಯೋಚಿಸುವುದಿಲ್ಲ. ಎಲ್ಲೇ ಆಗಲಿ, ಅರ್ಜಿಯಲ್ಲಿ ಅವರು ‘ಕ್ಷೇತ್ರ ಸಿಬ್ಬಂದಿ’. ಓಣಿಯಲ್ಲಿ ಅವರು ಅಕ್ಕ, ಬಾಜಿ, ಅಣ್ಣಿ. ಯೋಜನೆಯ ಹಣ ಮುಗಿದು ಸಂಶೋಧಕರು ಹೊರಟ ಮೇಲೂ ಅವರು ಅದೇ ನಲ್ಲಿಯಲ್ಲಿ ನೀರು ಹಿಡಿಯಬೇಕು. ‘ರಕ್ತ ತಗೊಂಡ್ಹೋದ್ರಲ್ಲ, ರಿಪೋರ್ಟ್ ಎಲ್ಲಿ?’ ಎಂಬ ಪ್ರಶ್ನೆಗೆ ಬಿಂದಿಗೆ ಹಿಡಿದು ನಿಂತಲ್ಲೇ ಉತ್ತರ ಕೊಡಬೇಕು. ಸಂಸ್ಥೆಯ ಋಣವನ್ನು ತಿಂಗಳ ಸಂಬಳದ ಹೆಣ್ಣುಮಗಳ ಮೇಲೆ ಹೊರಿಸಿ ಹೋಗುವುದು ಕಣ್ಣಿಗೆ ಕಾಣದ ಅನ್ಯಾಯ, ಏಕೆಂದರೆ ಯಾವ ವರದಿಯಲ್ಲೂ ಅದಕ್ಕೆ ಕಾಲಂ ಇಲ್ಲ.

ಒಪ್ಪಿಗೆಯ ಮಾತಿಗೆ ಬಂದರೆ, ಮೊದಲ ತೊಡಕು ಭಾಷೆ. ಶಿವಾಜಿನಗರ, ಹಲಸೂರು, ಕೆ.ಜಿ. ಹಳ್ಳಿಗಳಲ್ಲಿ ಮನೆಮಾತು ದಖನಿ ಉರ್ದು ಇರಬಹುದು, ತಮಿಳು, ತೆಲುಗು ಇರಬಹುದು. ಕನ್ನಡ ಬೀದಿಯಲ್ಲಿ ಮಾತಾಡಲು ಬರುತ್ತದೆ, ಐದು ಪುಟದ ಮಾಹಿತಿ ಪತ್ರ ಓದಲು ಬರುವುದಿಲ್ಲ. ಇಂಗ್ಲಿಷಿನಿಂದ ಇಳಿಸಿದ ಕಚೇರಿ ಕನ್ನಡದ ಒಪ್ಪಿಗೆ ಪತ್ರವನ್ನು ಕನ್ನಡಿಗರೇ ಎರಡು ಸಲ ಓದಬೇಕಾಗುತ್ತದೆ. ಆದರೆ ಭಾಷೆಯ ತೊಡಕನ್ನು ಶ್ರಮಪಟ್ಟು ಬಿಡಿಸಬಹುದು. ಕಾಲದ ತೊಡಕು ಇನ್ನೂ ಆಳವಾದದ್ದು.

ಕೆ.ಆರ್. ಪುರದ ತೂಗುಸೇತುವೆ ದಾಟಿ ಹಳೆ ಮದ್ರಾಸ್ ರಸ್ತೆ ಹಿಡಿದರೆ ಕೋಲಾರ. ಅಲ್ಲಿಂದ ಮುಂದೆ ಮಾವಿನ ತೋಪುಗಳ ಶ್ರೀನಿವಾಸಪುರ. ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಮಿದುಳು ಸಂಶೋಧನಾ ಕೇಂದ್ರ 2018ರಿಂದ ಆ ತಾಲ್ಲೂಕಿನ ಹಳ್ಳಿಗಳಲ್ಲಿ 45 ದಾಟಿದ 10,000 ಜನರನ್ನು ವರ್ಷಗಟ್ಟಲೆ ಹಿಂಬಾಲಿಸುವ ಗುರಿಯಿಂದ ಅಧ್ಯಯನ ನಡೆಸುತ್ತಿದೆ. ವಯಸ್ಸಾದಂತೆ ನೆನಪು, ಬುದ್ಧಿ ಹೇಗೆ ಕುಂದುತ್ತವೆ ಎಂಬುದು ಅದರ ವಿಷಯ. ಹಳ್ಳಿಯ ಭಾರತೀಯರ ಮುಪ್ಪಿನ ಬಗ್ಗೆ ಇಷ್ಟು ಗಂಭೀರ ಕೆಲಸ ಬೇರೆ ಕಡೆ ಅಪರೂಪ, ಅದು ಬೇಕು. ಆದರೆ ಆ ವಿಷಯದೊಳಗೇ ಒಂದು ಮುಳ್ಳಿದೆ. ಐವತ್ತರಲ್ಲಿ ತಿಳಿದು ಒಪ್ಪಿದ ರೈತ ಅರವತ್ತೈದರಲ್ಲಿ ತಾನು ಏನನ್ನು ಒಪ್ಪಿದ್ದೆ ಎಂಬುದನ್ನೇ ಮರೆತಿದ್ದರೆ, ಅವನ ಹಳೆಯ ಸಹಿ ಯಾರ ಸಹಿ? ಅಧ್ಯಯನಕ್ಕೆ ಅತಿ ಹೆಚ್ಚು ಬೇಕಾಗುವುದು ಅವನು ಒಪ್ಪಿಗೆ ಕೊಡಲಾರದ ಸ್ಥಿತಿಗೆ ಬಂದಾಗಲೇ. ಮೈಸೂರಿನಲ್ಲಿ ಇದರ ತಿರುವುಮುರುವು. ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯಲ್ಲಿ 1934ರಿಂದ ಬರೆದಿಟ್ಟ ಹೆರಿಗೆ ದಾಖಲೆಗಳ ಜಾಡು ಹಿಡಿದು, ಅಂದು ಹುಟ್ಟಿದ ಕೂಸುಗಳನ್ನು ನಡುವಯಸ್ಸಿನಲ್ಲಿ ಹುಡುಕಿ ಪರೀಕ್ಷಿಸಿದರು. ಹುಟ್ಟಿದಾಗಿನ ತೂಕಕ್ಕೂ ಮುಂದೆ ಬರುವ ಸಕ್ಕರೆ ಕಾಯಿಲೆ, ಹೃದ್ರೋಗಕ್ಕೂ ಇರುವ ನಂಟನ್ನು ತಿಳಿಯಲು ಅದರಿಂದ ಬಹಳ ಸಹಾಯವಾಯಿತು. ಅದೇ ಆಸ್ಪತ್ರೆಯಲ್ಲಿ 1997-98ರಲ್ಲಿ ತಾಯಂದಿರನ್ನು ಸೇರಿಸಿಕೊಂಡ ಪಾರ್ಥೆನಾನ್ ಅಧ್ಯಯನದ ಮಕ್ಕಳು ಈಗ ವಯಸ್ಕರು. ಒಪ್ಪಿದ್ದು ತಾಯಿ, ಮೈ ಮಗನದು.

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2017ರ ಮಾರ್ಗಸೂಚಿ ಈ ತೊಡಕನ್ನು ಬಲ್ಲದು. ದೀರ್ಘಕಾಲ ಮುಂದುವರಿಸುವಾಗ, ಅಧ್ಯಯನ ವಿಸ್ತರಿಸಿದಾಗ, ಮಗುವಿಗೆ ಹದಿನೆಂಟು ತುಂಬಿದಾಗ ಮರು ಒಪ್ಪಿಗೆ ಪಡೆಯಬೇಕೆಂದು ಅದು ಹೇಳುತ್ತದೆ. ನಿಯಮ ಪುಸ್ತಕದಲ್ಲಿದೆ. ಬೇರೂರಿದ ಅಭಿಪ್ರಾಯ ಮಾತ್ರ ಮೊದಲ ದಿನದ ಸಹಿಯನ್ನೇ ಮದುವೆಯ ತಾಳಿಯಂತೆ ಕಾಣುತ್ತದೆ: ಒಮ್ಮೆ ಕಟ್ಟಿದರೆ ಜೀವಮಾನಕ್ಕೆ. ಪ್ರತಿ ಸುತ್ತಿನಲ್ಲೂ ‘ಸಾಕು’ ಎನ್ನುವ ದಾರಿ ಬಾಗಿಲಲ್ಲೇ ತೆರೆದಿರಬೇಕು, ಸಾಕು ಎಂದವರ ಮನೆಗೆ ಚಿಕಿತ್ಸೆಯ ನೆರವು ನಿಲ್ಲಬಾರದು. ಇದಿಲ್ಲದೆ ಇಪ್ಪತ್ತು ವರ್ಷದ ಒಪ್ಪಿಗೆ ಎಂಬುದೊಂದು ಇಲ್ಲ.

ಇನ್ನು, ಹೆಸರು ತೆಗೆದು ಸಂಖ್ಯೆ ಕೊಟ್ಟರೆ ಯಾರಿಗೂ ತೊಂದರೆಯಿಲ್ಲ ಎಂಬ ನಂಬಿಕೆ. ಎಚ್‌ಐವಿ ನಿಗಾದಲ್ಲಿ ಈ ನಂಬಿಕೆ ತನ್ನ ತುದಿ ಮುಟ್ಟಿತು. 1998ರಿಂದ ದೇಶದಾದ್ಯಂತ ಆಯ್ದ ಪ್ರಸೂತಿ ಚಿಕಿತ್ಸಾಲಯಗಳಲ್ಲಿ, ಗರ್ಭಿಣಿಯರಿಂದ ಬೇರೆ ಪರೀಕ್ಷೆಗೆ ತೆಗೆದ ರಕ್ತದಲ್ಲಿ ಉಳಿದದ್ದನ್ನು ಹೆಸರು ಅಳಿಸಿ ಎಚ್‌ಐವಿಗಾಗಿ ಪರೀಕ್ಷಿಸಲಾಯಿತು. ಸೋಂಕು ಹೆಚ್ಚಿದ್ದ ರಾಜ್ಯಗಳಲ್ಲಿ ಕರ್ನಾಟಕವೂ ಒಂದು. ಹೆಸರು ಅಳಿಸಿದ್ದರಿಂದ ಗುಟ್ಟು ಉಳಿಯಿತು; ಅದೇ ಕಾರಣಕ್ಕೆ ಆ ಗರ್ಭಿಣಿಗೆ ಫಲಿತಾಂಶ ಹೇಳುವ ದಾರಿಯೂ ಮುಚ್ಚಿತು. ಮದ್ದಿಲ್ಲದ ಕಾಲದಲ್ಲಿ ಇದಕ್ಕೊಂದು ಸಮರ್ಥನೆ ಇತ್ತು. 2004ರಲ್ಲಿ ಉಚಿತ ಎಆರ್‌ಟಿ ಚಿಕಿತ್ಸೆ ಆರಂಭವಾದ ಮೇಲೂ, ತಾಯಿಯಿಂದ ಮಗುವಿಗೆ ಹರಡುವುದನ್ನು ತಡೆಯಬಹುದೆಂದು ತಿಳಿದ ಮೇಲೂ ವರ್ಷಗಟ್ಟಲೆ ಇದು ಮುಂದುವರಿಯಿತು. ಬೇಕಾದವರಿಗೆ ಬೇರೆಯಾಗಿ ಆಪ್ತಸಮಾಲೋಚನೆ, ಪರೀಕ್ಷೆ ಇತ್ತೆಂಬುದು ನಿಜ. ಅಮೆರಿಕ ಇಂಥದೇ ಸಮೀಕ್ಷೆಯನ್ನು 1995ರಲ್ಲೇ ನಿಲ್ಲಿಸಿತ್ತು. ಗುಟ್ಟು ಕಾಯುವುದು ಮತ್ತು ಜೀವ ಕಾಯುವುದು ಎದುರುಬದುರಾದಾಗ ಮೊದಲನೆಯದನ್ನೇ ನೀತಿಯೆಂದು ಕರೆದುಕೊಂಡ ಉದಾಹರಣೆ ಇದು.

ಹೆಸರಿರುವ ದತ್ತಾಂಶದ ಗತಿ ಏನಾಗಬಹುದು ಎಂಬುದನ್ನು ಬೆಂಗಳೂರು 2020ರ ಮಾರ್ಚಿನಲ್ಲಿ ಕಂಡಿತು. ಮನೆಯಲ್ಲೇ ಕ್ವಾರಂಟೈನ್ ಆಗಿದ್ದ ಸಾವಿರಾರು ಜನರ ವಿಳಾಸಗಳನ್ನು ಸರ್ಕಾರವೇ ಪ್ರಕಟಿಸಿತು. ಗಂಟೆಗೊಮ್ಮೆ ಸೆಲ್ಫಿ ಕಳಿಸಬೇಕೆಂಬ ಆಜ್ಞೆ ಬಂತು. ಕೈಗೆ ಸೀಲು, ಬಾಗಿಲಿಗೆ ಚೀಟಿ. ಏಪ್ರಿಲ್ ಮೊದಲ ವಾರ ಹೆಗ್ಡೆನಗರದ ಕಡೆ ಸಮೀಕ್ಷೆಗೆ ಹೋದ ಆಶಾ ಕಾರ್ಯಕರ್ತೆಯರ ಮೇಲೆ ಹಲ್ಲೆ ನಡೆಯಿತು. ಹಲ್ಲೆಗೆ ಸಮರ್ಥನೆಯಿಲ್ಲ. ಆದರೆ ಕೆಲವೇ ವಾರಗಳ ಹಿಂದೆ ಪೌರತ್ವದ ಪಟ್ಟಿಯ ಭಯ ಊರೆಲ್ಲ ಹರಡಿತ್ತು, ಮನೆಗೆ ಬಂದು ಹೆಸರು ಕೇಳುವವರು ಯಾವ ಪಟ್ಟಿಗೆ ಬರೆದುಕೊಳ್ಳುತ್ತಿದ್ದಾರೆ ಎಂದು ಜನ ತಿಳಿಯದೆ ನಡುಗಿದ್ದರು. ಆರೋಗ್ಯದ ಪಟ್ಟಿ ಮತ್ತು ಪೊಲೀಸರ ಪಟ್ಟಿ ಬೇರೆಯೇ ಎಂಬ ನಂಬಿಕೆ ಒಮ್ಮೆ ಮುರಿದರೆ ಅದರ ಬೆಲೆ ತೆರುವವರು ಮುಂದಿನ ಲಸಿಕೆಯ ದಿನ ಚೀಲ ಹಿಡಿದು ಹೋಗುವ ಆಶಾ ಅಕ್ಕನೂ, ಆ ಓಣಿಯ ಮಕ್ಕಳೂ.

ಕಾನೂನು ಇದನ್ನು ನೋಡಿಕೊಳ್ಳುತ್ತದೆ ಎಂದು ಕೆಲವರು ಸಮಾಧಾನಪಡುತ್ತಾರೆ. ಖಾಸಗಿತನ ಮೂಲಭೂತ ಹಕ್ಕು ಎಂದು 2017ರ ಆಗಸ್ಟ್ 24ರಂದು ಸುಪ್ರೀಂ ಕೋರ್ಟು ಸಾರಿದ ಮೊಕದ್ದಮೆಗೆ ಬೆಂಗಳೂರಿನವರೇ ಆದ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರ ಹೆಸರಿದೆ. ಆದರೆ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಸಂಶೋಧನೆ ಮತ್ತು ಅಂಕಿಅಂಶದ ಉದ್ದೇಶಕ್ಕೆ, ನಿಗದಿತ ಮಾನದಂಡ ಪಾಲಿಸಿದರೆ, ವಿನಾಯಿತಿ ಕೊಟ್ಟಿದೆ. ಆ ವಿನಾಯಿತಿಗೆ ಇರುವ ಒಂದು ಷರತ್ತು, ಆ ದತ್ತಾಂಶದಿಂದ ಆ ವ್ಯಕ್ತಿಯ ಬಗ್ಗೆ ಯಾವ ನಿರ್ಧಾರವನ್ನೂ ಕೈಗೊಳ್ಳಬಾರದು ಎಂಬುದು. ಸಾಲ, ವಿಮೆ, ಕೆಲಸ ನಿರಾಕರಿಸದಂತೆ ಇದು ಒಳ್ಳೆಯ ಬೇಲಿ. ಆದರೆ ಬಿಪಿ 180 ಕಂಡವಳನ್ನು ಆಸ್ಪತ್ರೆಗೆ ಕರೆದೊಯ್ಯದಿರಲು ಇದೇ ನೆಪವಾದರೆ ಬೇಲಿಯೇ ಹೊಲ ಮೇಯ್ದಂತೆ. ಕಾನೂನು ಬಿಟ್ಟುಕೊಟ್ಟ ಜಾಗವನ್ನು ಸಂಶೋಧಕರ ಕರ್ತವ್ಯವೇ ತುಂಬಬೇಕು. ವಿಶ್ವ ಆರೋಗ್ಯ ಸಂಸ್ಥೆ 2017ರಲ್ಲಿ ಸಾರ್ವಜನಿಕ ಆರೋಗ್ಯ ನಿಗಾಕ್ಕೆ ಕೊಟ್ಟ 17 ನೈತಿಕ ಸೂತ್ರಗಳು ನಿಗಾ ಇಡುವುದನ್ನೇ ಸರ್ಕಾರದ ಕರ್ತವ್ಯ ಎನ್ನುತ್ತವೆ. ಕಂಡದ್ದನ್ನು ಸಂಬಂಧಪಟ್ಟವರಿಗೆ ತಿಳಿಸುವುದನ್ನೂ ಅಷ್ಟೇ ಗಟ್ಟಿಯಾಗಿ ಹೇಳುತ್ತವೆ. ಮೊದಲನೆಯದನ್ನು ಉದ್ಧರಿಸಿ ಎರಡನೆಯದನ್ನು ಮರೆಯುವುದು ವಾಡಿಕೆಯಾಗಿದೆ.

ಯಾರ ಹೆಸರೂ ಇಲ್ಲದ, ಯಾರನ್ನೂ ಮುಟ್ಟದ ನಿಗಾವೂ ಇದೆ. 2022ರ ಜನವರಿಯಿಂದ ಜೂನ್‌ವರೆಗೆ ಬೆಂಗಳೂರಿನ 28 ಕೊಳಚೆ ನೀರು ಶುದ್ಧೀಕರಣ ಘಟಕಗಳಿಂದ 422 ಮಾದರಿ ತೆಗೆದು ಕೊರೊನಾ ವೈರಾಣುವಿನ ಏರಿಳಿತ, ಹೊಸ ತಳಿಗಳನ್ನು ಪತ್ತೆಮಾಡಿದರು. ಇದರಲ್ಲಿ ಕೆಡುಕು ಅತಿ ಕಡಿಮೆ, ಪ್ರಯೋಜನ ದೊಡ್ಡದು, ಇದನ್ನು ಬೆಂಬಲಿಸಬೇಕು. ಇಲ್ಲಿರುವ ನೈತಿಕ ಪ್ರಶ್ನೆ ತಲೆಕೆಳಗಾದದ್ದು: ಪೈಪಿಲ್ಲದವರ ಕಾಯಿಲೆ ಕಾಣುವುದಿಲ್ಲ. ಕೆ.ಆರ್. ಪುರದ ನಗರಸಭೆ, ಸುತ್ತಲಿನ ಹಳ್ಳಿಗಳು ಮಹಾನಗರಕ್ಕೆ ಸೇರಿದ್ದು 2007ರಲ್ಲಿ. ಒಳಚರಂಡಿ ಅವುಗಳ ಹಿಂದೆ ಬಹಳ ನಿಧಾನವಾಗಿ ಬಂತು. ಪಿಟ್ ತುಂಬಿದಾಗ ಟ್ಯಾಂಕರ್ ಕರೆಸುವ ಬೀದಿಯ ಸೋಂಕು ಘಟಕದ ನೀರಿನಲ್ಲಿ ಹಾಗೆ ಬರೆದು ತೋರುವುದಿಲ್ಲ. ಎಲ್ಲರನ್ನೂ ನೋಡುತ್ತದೆ ಎಂದುಕೊಂಡ ಕಣ್ಣು ಯಾರನ್ನು ಬಿಟ್ಟಿದೆ ಎಂದು ನಕ್ಷೆಯ ಜೊತೆಗೇ ಹೇಳಬೇಕು.

ಎಲ್ಲ ವಾದ ಮುಗಿದ ಮೇಲೆ ಹಣದ ವಾದ ಉಳಿಯುತ್ತದೆ: ಸಂಶೋಧನೆಗೆ ಬಂದ ಹಣದಲ್ಲಿ ಆಸ್ಪತ್ರೆ ನಡೆಸಲಾಗದು. ಆಸ್ಪತ್ರೆ ನಡೆಸಿರೆಂದು ಯಾರೂ ಕೇಳುತ್ತಿಲ್ಲ. ಶಿವಾಜಿನಗರದಲ್ಲಿ ಬೌರಿಂಗ್ ಆಸ್ಪತ್ರೆ, ಘೋಷಾ ಆಸ್ಪತ್ರೆ ಇವೆ, ಇಂದಿರಾನಗರದಲ್ಲಿ ಸರ್ ಸಿ.ವಿ. ರಾಮನ್ ಆಸ್ಪತ್ರೆ ಇದೆ, ವಾರ್ಡುಗಳಲ್ಲಿ ನಮ್ಮ ಕ್ಲಿನಿಕ್‌ಗಳಿವೆ. ಕೇಳುತ್ತಿರುವುದು ಆ ಬಾಗಿಲವರೆಗೆ ಜೊತೆಗೆ ಹೋಗುವ ಒಬ್ಬ ಮನುಷ್ಯ, ಹೋದವರಿಗೆ ಮಾತ್ರೆ ಸಿಕ್ಕಿತೇ ಎಂದು ತಿಂಗಳಿಗೊಮ್ಮೆ ನೋಡುವ ಒಂದು ರಿಜಿಸ್ಟರು, ಕಳೆದುಕೊಂಡ ದಿನಗೂಲಿಗೆ ಬದಲು ಹಣ. ರಕ್ತದ ಮಾದರಿಗಳನ್ನು ಸೊನ್ನೆಗಿಂತ 80 ಡಿಗ್ರಿ ಕೆಳಗೆ ಕಾಯುವ ಫ್ರೀಜರಿಗೆ, ಅದಕ್ಕೊಂದು ಜನರೇಟರಿಗೆ, ಇಪ್ಪತ್ತು ವರ್ಷದ ಕರೆಂಟಿಗೆ ಹಣ ಹೊಂದಿಸಬಲ್ಲ ಯೋಜನೆಗೆ ಇದು ಭಾರವಲ್ಲ. ಅರ್ಜಿಯಲ್ಲಿ ಇದಕ್ಕೊಂದು ಸಾಲು ಇಲ್ಲದಿದ್ದರೆ ನೈತಿಕ ಸಮಿತಿ ಆ ಅರ್ಜಿಯನ್ನು ಹಿಂದಕ್ಕೆ ಕಳಿಸಬೇಕು.

ಕೊನೆಯದು, ಮುಗಿಸುವ ಬಗೆ. ದೀರ್ಘ ಅಧ್ಯಯನಗಳು ಶುರುವಾಗುವಾಗ ಸಭೆ ಕರೆಯುತ್ತವೆ, ಮುಖಂಡರಿಗೆ ಶಾಲು ಹೊದಿಸುತ್ತವೆ. ನಿಲ್ಲುವಾಗ ಸುಮ್ಮನೆ ನಿಂತುಬಿಡುತ್ತವೆ. ಮನೆಯವರಿಗೆ ಅವರವರ ಹತ್ತು ವರ್ಷದ ಬಿಪಿ, ಶುಗರ್ ಲೆಕ್ಕವನ್ನು ಅವರ ಭಾಷೆಯ ಒಂದು ಹಾಳೆಯಲ್ಲಿ ಕೊಟ್ಟು ಹೋಗಬೇಕು. ಮುಂದೆ ತೋರಿಸುವ ವೈದ್ಯರಿಗೆ ಅದಕ್ಕಿಂತ ಬೆಲೆಯುಳ್ಳದ್ದಿಲ್ಲ. ಊರಿನವರೆದುರು ಕಂಡದ್ದನ್ನು ಓದಿ ಹೇಳಬೇಕು. ರಕ್ತದ ವಿಷಯವನ್ನು ಬಾಯಿಬಿಟ್ಟು ಮಾತಾಡಬೇಕು. ಜೀನೋಮ್ ಇಂಡಿಯಾ ಯೋಜನೆಯಲ್ಲಿ ಬೆಂಗಳೂರಿನ ಅದೇ ಮಿದುಳು ಸಂಶೋಧನಾ ಕೇಂದ್ರದ ಮುಂದಾಳತ್ವದಲ್ಲಿ 10,000 ಭಾರತೀಯರ ವಂಶವಾಹಿಗಳನ್ನು ಓದಿ, 2025ರ ಜನವರಿಯಲ್ಲಿ ಆ ದತ್ತಾಂಶವನ್ನು ಸಂಶೋಧಕರಿಗೆ ತೆರೆಯಲಾಯಿತು. ಇಂಥ ಕಾಲದಲ್ಲಿ ಒಂದು ಕಾಯಿಲೆಗೆಂದು ಕೊಟ್ಟ ರಕ್ತ ಬೇರೆ ಯಾವ ಪ್ರಶ್ನೆಗೆ ಉತ್ತರವಾಗುತ್ತದೆ ಎಂದು ಕೊಟ್ಟವರಿಗೆ ಊಹಿಸಲೂ ಆಗದು. ಅಮೆರಿಕದ ಅರಿಜೋನಾದಲ್ಲಿ ಹವಸುಪಾಯಿ ಬುಡಕಟ್ಟಿನವರು 1990ರಿಂದ ಸಕ್ಕರೆ ಕಾಯಿಲೆಯ ಸಂಶೋಧನೆಗೆಂದು ರಕ್ತ ಕೊಟ್ಟಿದ್ದರು. ಅದನ್ನು ಸ್ಕಿಜೋಫ್ರೇನಿಯಾದ ಅಧ್ಯಯನಕ್ಕೂ, ಅವರ ಪೂರ್ವಜರು ಎಲ್ಲಿಂದ ಬಂದರೆಂದು ತಿಳಿಯುವುದಕ್ಕೂ ಬಳಸಿದ್ದು ಗೊತ್ತಾಗಿ ಕೋರ್ಟಿಗೆ ಹೋದರು. 2010ರಲ್ಲಿ ಸಂಶೋಧನೆ ನಡೆಸಿದ್ದ ವಿಶ್ವವಿದ್ಯಾಲಯ ರಾಜಿಯಾಯಿತು. 41 ಜನರಿಗೆ 7 ಲಕ್ಷ ಡಾಲರ್ ಪರಿಹಾರ ಬಂತು. ಹಣದ ಜೊತೆಗೆ ಅವರು ಕೇಳಿದ್ದು, ತಮ್ಮ ಜನರ ಉಳಿದ ರಕ್ತವನ್ನು. ಅದನ್ನು ಫ್ರೀಜರಿನಿಂದ ತೆಗೆದು ಅವರ ಕೈಗೆ ಕೊಡಲಾಯಿತು. ಅವರು ಅದನ್ನು ಊರಿಗೆ ಒಯ್ದರು.